ಶಾಪಸಂಧಿ

ಗುತ್ತಲು ರಸ್ತೆ. ಸೈಕಲ್ ಶಾಪಿನ ಮೇಲಿನ ಕೋಣೆ.
ಶನಿವಾರ ರಾತ್ರಿ ಕೆಳಗೆ ಷಟರ್ ಎಳೆದ ಮೇಲೆ
ನಾವು ನಾಲ್ವರು, ಮಿಣುಕುವ ಒಂದು ಟ್ಯೂಬ್‌ಲೈಟು,
ಲಗ್ನಪತ್ರಿಕೆಗಳ ಬೆನ್ನಿಗೆ ಬರೆದ ಕಾಡಿನ ನಕ್ಷೆ.
ಟೈರಿನ ವಾಸನೆಗೆ ಫ್ಯಾಕ್ಟರಿ ಕಡೆಯ
ಕಬ್ಬಿನ ಮಡ್ಡಿಯ ಹುಳಿ ಬೆರೆತು
ಮಾಟಕ್ಕೆ ಬೇರೆ ಧೂಪ ಬೇಕಿರಲಿಲ್ಲ.

ಆಟ ನಡೆಸುವವರು ಜವರಪ್ಪ ಮೇಷ್ಟ್ರು:
ಹಗಲು ಹೈಸ್ಕೂಲಿಗೆ ಕನ್ನಡ, ರಾತ್ರಿ ನಮಗೆ ವಿಧಿ.
ನಾನು ಔಷಧಿ ಅಂಗಡಿಯಲ್ಲಿ ಡಾಕ್ಟರ ಗೀಚು ಓದುವವಳು,
ಇಲ್ಲಿ ಮೂರನೇ ಮಟ್ಟದ ಮಾಟಗಾತಿ, ಹೆಸರು ಮಸಣಿ.
ಎದುರಿಗೆ ನಾಲೆಯ ತೂಬನ್ನು ಅಪ್ಪಿ ಕೂತ ಕಲ್ಲುದೈತ್ಯ
(ನಿಜಕ್ಕೆ, ತುಕ್ಕು ಹಿಡಿದ ಒಂದು ಪೆಡಲು).

"ಮೊದಲು ಕಣ್ಕಟ್ಟು. ಅದರ ಮೇಲೆ ಇಬ್ಬನಿ ಶಾಪ" ಎಂದೆ.
"ಆಗದು. ಒಂದೇ ಕೊರಳಿಗೆ ಎರಡು ಶಾಪ ನಿಲ್ಲದು.
ಎರಡನೆಯದು ಬಂತೋ, ಮೊದಲನೆಯದು ಹೋಯ್ತು.
ಊರು, ಅಲ್ಲಿ: ಊರಲ್ಲಿ. ಉಕಾರ ಎಲ್ಲಿ ಹೋಯ್ತವ್ವ?
ಲೋಪ."

ಹೋದ ವಾರವೇ ಸತ್ತಿದ್ದ ಯೋಧ ಬೋರಲಿಂಗ
ಚಕ್ಕುಲಿ ಮುರಿಯುತ್ತ ಗೋರಿಯಿಂದ ಕೇಳಿದ:
"ಹೊಳೆಗೆ ಹಾರಿದವಳು ಒಂದೇ ಉಸಿರಿಗೆ
ಮೂರು ಕಟ್ಟಿ ಹೋಗಲಿಲ್ವಾ ಸಾ?
ಊರಿಗೆ ಮರಳು, ನೀರಿಗೆ ಸುಳಿ, ಅರಮನೆಗೆ ಬರಿ ತೊಟ್ಟಿಲು?"
"ಅವಳಿಗೆ ಇಡೀ ಪ್ರಾಣ ಖರ್ಚಾಯ್ತು.
ಮಸಣಿ ಹತ್ರ ಎಷ್ಟಿದೆ?"
ಲೆಕ್ಕ ನೋಡಿದೆ. ಏಳು.

ನನಗೆ ನೆನಪಾದದ್ದು ಅಜ್ಜಿ.
ಹುಂಜ ಕದ್ದವನಿಗೆ ಓಣಿ ನಡುವೆ ಹಿಡಿ ಮಣ್ಣು ತೂರಿ
ಕೈ ಸೇದೋಗ ಕಣ್ಣಿಂಗೋಗ
ಉಂಡನ್ನ ಮೈಗತ್ದೆ ಹೋಗ ನಿನ್
ಹೊಸ್ಲಲ್ಲಿ ಎಕ್ಕ ಹುಟ್ಟ
ಒಂದರ ಸೆರಗು ಹಿಡಿದು ಇನ್ನೊಂದು ಬರುತ್ತಿತ್ತು.
"ಮತ್ತು" ಎಂಬ ಪದ ಅವಳ ಬಾಯಲ್ಲಿ ನಾನು ಕೇಳಿಯೇ ಇಲ್ಲ.
ಅವನ ಮನೆ ಕಡೆ ಮುರಿದ ಅದೇ ಲಟಿಕೆ
ಸಂಜೆ ನನ್ನ ಕೆನ್ನೆ ಸವರಿ ಮುರಿದರೆ ದೃಷ್ಟಿ ಇಳಿಯುತ್ತಿತ್ತು.
ಎರಡಕ್ಕೂ ಇದ್ದದ್ದು ಅವೇ ಹತ್ತು ಬೆರಳು.

"ಆರು ಕೊಡುತ್ತೇನೆ" ಎಂದೆ. "ಒಂದು ಉಳಿಸಿಕೊಳ್ಳುತ್ತೇನೆ,
ಆಟೋಗೆ."
ಮೇಷ್ಟ್ರು ನಗಲಿಲ್ಲ. "ಹಾಕು."

ಇಪ್ಪತ್ತು ಮುಖದ ದಾಳ ಮೇಜು ದಾಟಿ
ಮೂಲೆಯ ಟೈರಿನೊಳಕ್ಕೆ ಓಡಿ ಸುತ್ತಿತು, ಸುತ್ತಿತು.
ಇಲಿಯಾಸ್ ಮೊಬೈಲ್ ಬೆಳಕು ಹಿಡಿದು ಬಗ್ಗಿದ:
ಹದಿನಾರು.

ಜೇಬಿನ ಸೀಮೆಸುಣ್ಣ ತೆಗೆದು ಮೇಷ್ಟ್ರು
ಮೇಜಿನ ಮೇಲೆಯೇ ಬರೆದರು: ಕಣ್. ಪನಿ.
"ಕಣ್ಣು ನಿನ್ನ ಮೊದಲ ಶಾಪ.
ಇಬ್ಬನಿಯೊಳಗೆ ಇರೋದು ಹಳಗಾಲದ ಪನಿ.
ಎರಡೂ ಸೇರಿದರೆ?"

ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚು ಒಳಗೆಲ್ಲೋ ಎದ್ದು ನಿಂತಿತು.
"ಕಂಬನಿ."

"ಆದೇಶ. ಪಕಾರ ಸಾಯಲಿಲ್ಲ, ವೇಷ ಬದಲಿಸಿತು."

ದೈತ್ಯ ಕುರುಡಾಗಲಿಲ್ಲ. ಮರಗಟ್ಟಲಿಲ್ಲ.
ಅತ್ತ.
ಕಲ್ಲಿನ ಕೆನ್ನೆಯ ಪಾಚಿ ನೆನೆದು ಹಸಿರಾಯಿತು,
ಮೊಣಕಾಲಿಗೆ ನೀರು, ಸೊಂಟಕ್ಕೆ ನೀರು,
ತೂಬು ತಾನೇ ಮೇಲೆದ್ದಿತು.
ಬಾಣ ಹೂಡಿದ್ದ ಇಲಿಯಾಸ್ ಗುರಿ ಎಲ್ಲಿಡಲಿ ಎಂದು ಕೇಳಿ,
ಯಾರೂ ಹೇಳದಾಗ, ಮೆಲ್ಲಗೆ ಇಳಿಸಿದ.
ಬೋರಲಿಂಗನ ಬಾಯಲ್ಲಿ ಚಕ್ಕುಲಿ ಹಾಗೇ ನಿಂತಿತ್ತು.
ಆ ಪೆಡಲನ್ನು ಪೆಟ್ಟಿಗೆಗೆ ಹಾಕುವಾಗ
ನಾನದನ್ನು ಲಂಗದ ತುದಿಯಲ್ಲಿ ಒರೆಸಿದೆ. ಯಾಕೋ.

ಸೋಮವಾರ ಅಂಗಡಿಗೆ ಒಬ್ಬ ಮುದುಕ,
ಎರಡು ಡಾಕ್ಟರ ಎರಡು ಚೀಟಿ.
"ಎರ್ಡೂ ಒಟ್ಗೇ ನುಂಗ್‌ಬೋದೇನವ್ವ?"
ಬೆಳಕಿಗೆ ಹಿಡಿದು ಎರಡನ್ನೂ ಎರಡೆರಡು ಸಲ ಓದಿದೆ.
"ಬ್ಯಾಡ ತಾತ. ನಡುವೆ ಮೂರು ಗಂಟೆ ಬಿಡಿ."
ಪಕ್ಕಪಕ್ಕವೇ ಕೂತರೂ ಬೆರೆಯದೆ ಹಾಗೇ ಉಳಿಯುವುದಕ್ಕೆ
ವ್ಯಾಕರಣದಲ್ಲಿ ಒಂದು ಹೆಸರಿತ್ತು.
ಶನಿವಾರ ಮೇಷ್ಟ್ರನ್ನು ಕೇಳಬೇಕು.